ಕೆತ್ತನೆ ಗುರುತಿಗೆ ಪುಟ್ಟ ಡಿವೈಡರ್

ಉಂಗುರ, ಪದಕದಂಥ ಸಣ್ಣ ತುಣುಕಿಗೆ 75 ಮಿ.ಮೀ. ಉದ್ದದ ಸ್ಪ್ರಿಂಗ್ ಡಿವೈಡರ್ (ಸ್ಪ್ರಿಂಗ್ ತೆರೆಯುವ ಎರಡು ಚೂಪು ಕಾಲುಗಳನ್ನು ಸ್ಕ್ರೂ-ನಟ್ ಹಿಡಿದಿಡುವ ಉಪಕರಣ) ಸಾಕು. ಶಾಲೆಯ ಕಂಪಾಸ್ ಪೆಟ್ಟಿಗೆಯದು ಬೇಡ. ಅದರ ಕೀಲು ಅಳತೆಯನ್ನು ಹಿಡಿದಿಡುವುದಿಲ್ಲ. ಕೊಳ್ಳುವಾಗ ಕಾಲುಗಳನ್ನು ಪೂರ್ತಿ ಮುಚ್ಚಿ ಬೆಳಕಿಗೆ ಹಿಡಿಯಿರಿ. ಎರಡು ಮೊನೆಗಳು ಒಂದಾಗಿ ಕೂಡಬೇಕು. ಸ್ಕ್ರೂ ಕಾಲಿನ ನಡುಮಧ್ಯದಲ್ಲಿದ್ದು, ಅದರ ಪಿಚ್ (ಅಕ್ಕಪಕ್ಕದ ಎರಡು ಎಳೆಗಳ ಅಂತರ) 0.5 ಮಿ.ಮೀ. ಆಗಿದ್ದರೆ, ನಟ್‌ನ ಒಂದು ಸುತ್ತಿಗೆ ಮೊನೆಗಳು ಸುಮಾರು 1 ಮಿ.ಮೀ. ಸರಿಯುತ್ತವೆ.

ಅಗ್ಗದ ಡಿವೈಡರನ್ನೂ ಪಳಗಿಸಬಹುದು. ಒಳಮುಖಗಳನ್ನು ಎಣ್ಣೆಕಲ್ಲಿನ ಮೇಲೆ ಚಪ್ಪಟೆ ಮಾಡಿ, ಹೊರಮುಖವನ್ನಷ್ಟೇ ಚೂಪಾಗಿಸಿ. ಒಳಗಿನಿಂದ ತಿಕ್ಕಿದರೆ ಮೊನೆಗಳ ನಡುವೆ ಸಂದು ಉಳಿದು, 0.5 ಮಿ.ಮೀ. ಅಂತರದ ಗೆರೆ ಅಸಾಧ್ಯವಾಗುತ್ತದೆ. ಗ್ರೈಂಡರಿನಲ್ಲಿ ಮೊನೆ ನೀಲಿಗೆ ತಿರುಗಿತೇ? ಗಡಸುತನ ಹೋಯಿತು, ನೀಲಿ ಭಾಗವನ್ನು ನಿಧಾನಕ್ಕೆ ಕಲ್ಲಿನಲ್ಲೇ ತೇಯ್ದು ತೆಗೆಯಬೇಕು.

ಅಂಚಿಗೆ ಸಮಾನಾಂತರ ಗೆರೆ ಎಳೆಯಲು ಬೇರೊಂದನ್ನೇ ಮೀಸಲಿಡುವುದು ಲೇಸು. ಒಂದು ಕಾಲನ್ನು ಇನ್ನೊಂದಕ್ಕಿಂತ 1 ಮಿ.ಮೀ. ಉದ್ದ ಬಿಟ್ಟು, ತುದಿಯನ್ನು ಗುಂಡಗೆ ಮಾಡಿ ಕನ್ನಡಿಯಂತೆ ಹೊಳಪಿಸಿ: ಅದು ಅಂಚಿನ ಹೊರಗೆ ಜಾರುತ್ತದೆ, ಗಿಡ್ಡ ಕಾಲು ಗೀರುತ್ತದೆ. ಹೊಸ ಕಾಲು ಬೇಕಿದ್ದರೆ 2 ಮಿ.ಮೀ. ಸಿಲ್ವರ್ ಸ್ಟೀಲ್ (ಬೆಳ್ಳಿಯಿಲ್ಲದ, ಗಡಸಾಗಿಸಬಲ್ಲ ಉಪಕರಣದ ಉಕ್ಕು) ಸರಳನ್ನು ಮೊದಲೇ ಆಕಾರಕ್ಕೆ ತೇಯ್ದು, ತುದಿಯ 10 ಮಿ.ಮೀ. ಚೆರ್ರಿ ಕೆಂಪಾಗುವವರೆಗೆ ಕಾಯಿಸಿ, ಎಣ್ಣೆಯಲ್ಲಿ ಅದ್ದಿ. ಉಜ್ಜಿ ಬೆಳಗಿಸಿ, ತಿಳಿ ಹುಲ್ಲುಬಣ್ಣ ಬರುವಷ್ಟು (ಸುಮಾರು 230 ಡಿಗ್ರಿ ಸೆಲ್ಸಿಯಸ್) ಮತ್ತೆ ಕಾಯಿಸಿ. ಈ ಹಂತ ಬಿಟ್ಟರೆ ಮೊನೆ ಮೊದಲ ದಿನವೇ ಚಟ್ಟೆಂದು ಮುರಿಯುತ್ತದೆ.

ಲೋಹಕ್ಕೆ ತೆಳುವಾಗಿ ಚೈನೀಸ್ ವೈಟ್ (ಬಿಳಿ ಜಲವರ್ಣ) ಬಳಿದು, ಉಪಕರಣದ ಭಾರವಷ್ಟೇ ಬೀಳುವಂತೆ ಗೀರಿ. ಒತ್ತಿ ಎಳೆದ ಗೆರೆ ಪಾಲಿಶ್‌ಗೂ ಬಗ್ಗುವುದಿಲ್ಲ.