ಒಂದೇ ಪ್ರೋಗ್ರಾಂ, ಬೇರೆ ಬೇರೆ ಸರ್ವರ್: ಸೆಟ್ಟಿಂಗ್‌ಗಳನ್ನು ತಪ್ಪಿಲ್ಲದೆ ಓದಿಸುವುದು ಹೇಗೆ?

ಪ್ರೋಗ್ರಾಂ ಒಂದೇ ಆದರೂ ಅದು ಓಡುವ ಜಾಗ ಒಂದೇ ಅಲ್ಲ. ಬರೆಯುವವರ ಲ್ಯಾಪ್‌ಟಾಪ್, ಪರೀಕ್ಷೆಯ ಸರ್ವರ್, ಜನರ ನಿಜವಾದ ಮಾಹಿತಿ ಇರುವ ಸರ್ವರ್ ಈ ಮೂರರಲ್ಲೂ ಡೇಟಾಬೇಸ್‌ನ ವಿಳಾಸ ಬೇರೆ, ಪಾಸ್‌ವರ್ಡ್ ಬೇರೆ. ಇಂಥ ಒಂದೊಂದು ತಾಣವನ್ನೂ ಎನ್ವಿರಾನ್‌ಮೆಂಟ್ ಎಂದು ಕರೆಯುವುದು ರೂಢಿ. ಮೈಕ್ರೋಸಾಫ್ಟ್‌ನ ಡಾಟ್‌ನೆಟ್ ವೇದಿಕೆಯಲ್ಲಿ ಬರೆದ ಕಮಾಂಡ್ ಲೈನ್ ಪ್ರೋಗ್ರಾಂ ತಾನು ಎಲ್ಲಿ ಓಡುತ್ತಿದೆ ಎಂಬುದನ್ನು ಅರಿತು ಅಲ್ಲಿನ ಸೆಟ್ಟಿಂಗ್‌ಗಳನ್ನೇ ಓದುವಂತೆ ಮಾಡುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ಫೈಲ್‌ಗಳು. ಎಲ್ಲ ಕಡೆಗೂ ಸಮಾನವಾದ ಸೆಟ್ಟಿಂಗ್‌ಗಳನ್ನು ‘ಆಪ್‌ಸೆಟ್ಟಿಂಗ್ಸ್.ಜೇಸನ್’ ಫೈಲಿನಲ್ಲಿ ಬರೆದು, ಬದಲಾಗುವಷ್ಟನ್ನು ಮಾತ್ರ ‘ಆಪ್‌ಸೆಟ್ಟಿಂಗ್ಸ್.ಡೆವಲಪ್‌ಮೆಂಟ್.ಜೇಸನ್’, ‘ಆಪ್‌ಸೆಟ್ಟಿಂಗ್ಸ್.ಪ್ರೊಡಕ್ಷನ್.ಜೇಸನ್’ ಎಂಬ ಫೈಲ್‌ಗಳಲ್ಲಿ ಇಡಬೇಕು. ವೆಬ್ ಪ್ರಾಜೆಕ್ಟ್‌ನಲ್ಲಿ ಇವು ಬಿಲ್ಡ್ ಆದ ಫೋಲ್ಡರ್‌ಗೆ ತಾವಾಗಿಯೇ ಸೇರುತ್ತವೆ. ಸಾಮಾನ್ಯ ಕನ್ಸೋಲ್ ಪ್ರಾಜೆಕ್ಟ್‌ನಲ್ಲಿ ಸೇರುವುದಿಲ್ಲ. ಆದ್ದರಿಂದ ವಿಶುವಲ್ ಸ್ಟುಡಿಯೋದಲ್ಲಿ ಪ್ರತಿ ಫೈಲಿನ ಪ್ರಾಪರ್ಟೀಸ್‌ಗೆ ಹೋಗಿ ‘ಕಾಪಿ ಇಫ್ ನ್ಯೂಯರ್’ ಎಂಬುದನ್ನು ಆರಿಸಲು ಮರೆಯಬಾರದು. ವಿಂಡೋಸ್‌ನಲ್ಲಿ ಬರೆದು ಲಿನಕ್ಸ್‌ನಲ್ಲಿ ಓಡಿಸುವವರು ಇನ್ನೊಂದನ್ನು ಗಮನಿಸಬೇಕು: ಲಿನಕ್ಸ್‌ನಲ್ಲಿ ಫೈಲಿನ ಹೆಸರಿನ ದೊಡ್ಡಕ್ಷರ, ಸಣ್ಣಕ್ಷರಗಳು ಬೇರೆ ಬೇರೆಯೇ ಆಗಿರುವುದರಿಂದ, ಒಂದಕ್ಷರ ತಪ್ಪಿದರೂ ಫೈಲ್ ಸಿಗುವುದಿಲ್ಲ.

ಎರಡನೆಯದು ಎನ್ವಿರಾನ್‌ಮೆಂಟ್‌ನ ಹೆಸರು. ಅದನ್ನು ಪ್ರೋಗ್ರಾಂನ ಒಳಗೆ ಬರೆಯದೆ, ‘ಡಾಟ್‌ನೆಟ್_ಎನ್ವಿರಾನ್‌ಮೆಂಟ್’ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ (ಆಪರೇಟಿಂಗ್ ಸಿಸ್ಟಂ ಪ್ರೋಗ್ರಾಂಗೆ ಒದಗಿಸುವ ಹೆಸರು ಮತ್ತು ಬೆಲೆಯ ಜೋಡಿ) ಮೂಲಕ ಹೊರಗಿನಿಂದ ಕೊಡಬೇಕು. ಡಾಟ್‌ನೆಟ್‌ನ ಸಿದ್ಧ ಹೋಸ್ಟ್ (ಪ್ರೋಗ್ರಾಂ ಶುರುವಾಗುವಾಗ ಸೆಟ್ಟಿಂಗ್‌ಗಳನ್ನು ತಾನೇ ಓದಿಕೊಡುವ ಭಾಗ) ಬಳಸಿದರೆ, ಈ ವೇರಿಯಬಲ್ ಇಲ್ಲದಿದ್ದಾಗ ಅದು ‘ಪ್ರೊಡಕ್ಷನ್’ ಎಂದೇ ಭಾವಿಸುತ್ತದೆ. ಕೆಲವು ವರ್ಷಗಳ ಹಿಂದೆ ನಾನು ಬರೆದ, ಬಾಕಿ ಇರುವವರಿಗೆ ರಾತ್ರಿ ನೆನಪಿನ ಸಂದೇಶ ಕಳಿಸುವ ಪ್ರೋಗ್ರಾಂ ಒಂದು ಪರೀಕ್ಷೆಯ ಸರ್ವರ್‌ನಿಂದಲೇ ನಿಜವಾದ ಗ್ರಾಹಕರಿಗೆ ಸಂದೇಶ ಕಳಿಸಿಬಿಟ್ಟಿತ್ತು. ಟರ್ಮಿನಲ್‌ನಲ್ಲಿ ನಾನು ವೇರಿಯಬಲ್ ಕೊಟ್ಟಿದ್ದೆ, ಆದರೆ ಆ ರಾತ್ರಿ ಅದನ್ನು ಓಡಿಸಿದ್ದು ಕ್ರಾನ್, ಅಂದರೆ ನಿಗದಿತ ಸಮಯಕ್ಕೆ ಪ್ರೋಗ್ರಾಂಗಳನ್ನು ಓಡಿಸುವ ಲಿನಕ್ಸ್‌ನ ಸಾಧನ. ಟರ್ಮಿನಲ್‌ನಲ್ಲಿ ನಮ್ಮ ಆಜ್ಞೆಗಳನ್ನು ನಡೆಸುವ ಶೆಲ್‌ನ ಪ್ರೊಫೈಲ್‌ನಲ್ಲಿ ಬರೆದದ್ದನ್ನು ಕ್ರಾನ್ ಓದುವುದಿಲ್ಲ. ಹಾಗಾಗಿ ಕ್ರಾನ್ ಬಳಸುವವರು ಅದರ ಕೆಲಸಗಳ ಪಟ್ಟಿ ಇರುವ ಕ್ರಾನ್‌ಟ್ಯಾಬ್‌ನ ಮೇಲ್ಭಾಗದಲ್ಲಿಯೂ, ಸಿಸ್ಟಮ್‌ಡಿ (ಲಿನಕ್ಸ್‌ನಲ್ಲಿ ಸೇವೆಗಳನ್ನು ನಡೆಸುವ ವ್ಯವಸ್ಥೆ) ಬಳಸುವವರು ಅದರ ಯೂನಿಟ್ ಫೈಲಿನಲ್ಲಿಯೂ ವೇರಿಯಬಲ್ಲನ್ನು ಬರೆಯಬೇಕು. ಅಷ್ಟೇ ಅಲ್ಲ, ಹೆಸರು ಬರದಿದ್ದರೆ ಪ್ರೋಗ್ರಾಂ ಊಹೆ ಮಾಡದೆ, ಕಾರಣವನ್ನು ಎರರ್ ಸಂದೇಶದಲ್ಲಿ ತಿಳಿಸಿ, ಸೊನ್ನೆಯಲ್ಲದ ಎಗ್ಸಿಟ್ ಕೋಡ್‌ನೊಂದಿಗೆ (ಕೆಲಸ ವಿಫಲವಾಯಿತು ಎಂಬ ಸೂಚನೆ) ಅಲ್ಲಿಗೇ ನಿಲ್ಲಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಈ ಕಾರಣಕ್ಕಾಗಿಯೇ ಚಿಕ್ಕ ಪ್ರೋಗ್ರಾಂಗಳಲ್ಲಿ ಸಿದ್ಧ ಹೋಸ್ಟ್‌ಗಿಂತ, ಸೆಟ್ಟಿಂಗ್‌ಗಳನ್ನು ಓದಿ ಜೋಡಿಸುವ ‘ಕಾನ್ಫಿಗರೇಶನ್ ಬಿಲ್ಡರ್’ ಅನ್ನು ನಾವೇ ಕಟ್ಟಿಕೊಳ್ಳುವುದು ಲೇಸು. ಸಿದ್ಧ ಹೋಸ್ಟ್ ಫೈಲ್‌ಗಳನ್ನು ನಾವು ಆಗ ನಿಂತಿರುವ ಫೋಲ್ಡರ್‌ನಲ್ಲಿ ಹುಡುಕುತ್ತದೆ ಮತ್ತು ಅವು ಸಿಗದಿದ್ದರೂ ಸುಮ್ಮನೆ ಮುಂದುವರಿಯುತ್ತದೆ. ನಾವೇ ಕಟ್ಟಿಕೊಂಡಾಗ ‘ಬೇಸ್ ಪಾತ್’ ಅನ್ನು ಪ್ರೋಗ್ರಾಂ ಇರುವ ಫೋಲ್ಡರ್‌ಗೆ ನಿಗದಿಪಡಿಸಿ, ಎರಡೂ ಜೇಸನ್ ಫೈಲ್‌ಗಳನ್ನು ಸೇರಿಸುವಾಗ ‘ಆಪ್ಶನಲ್’ ಎಂಬಲ್ಲಿ ‘ಫಾಲ್ಸ್’ ಎಂದು ಕೊಟ್ಟರೆ, ಫೈಲ್ ಇಲ್ಲದ ಕ್ಷಣವೇ ದೋಷ ಬಯಲಾಗುತ್ತದೆ.

ಸೇರಿಸುವ ಕ್ರಮವೇ ಇಲ್ಲಿ ಮುಖ್ಯ. ನಂತರ ಸೇರಿಸಿದ್ದು ಮೊದಲು ಸೇರಿಸಿದ್ದನ್ನು ಮೀರುತ್ತದೆ. ಮೊದಲು ಸಾಮಾನ್ಯ ಫೈಲ್, ಬಳಿಕ ಎನ್ವಿರಾನ್‌ಮೆಂಟ್‌ನ ಫೈಲ್, ಅನಂತರ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳು, ಕೊನೆಯಲ್ಲಿ ಕಮಾಂಡ್ ಲೈನ್‌ನ ಆರ್ಗ್ಯುಮೆಂಟ್‌ಗಳು. ಒಂದು ಸೆಟ್ಟಿಂಗ್‌ನ ಒಳಗಿನ ಇನ್ನೊಂದನ್ನು ಸೂಚಿಸಲು ಪ್ರೋಗ್ರಾಂನಲ್ಲಿ ಕೋಲನ್ ಬಳಸುತ್ತೇವೆ. ಬ್ಯಾಶ್ ಎಂಬ ಶೆಲ್‌ನಲ್ಲಿ ವೇರಿಯಬಲ್‌ನ ಹೆಸರಿನೊಳಗೆ ಕೋಲನ್ ನಡೆಯದ ಕಾರಣ, ಅಲ್ಲಿ ಎರಡು ಅಂಡರ್‌ಸ್ಕೋರ್‌ಗಳನ್ನು ಬರೆಯಬೇಕು.

ಮೀರುವುದು ಎಂದರೆ ಇಡೀ ಫೈಲ್ ಬದಲಾಗುವುದಲ್ಲ, ಒಂದೊಂದು ಕೀಯ (ಸೆಟ್ಟಿಂಗ್‌ನ ಹೆಸರಿನ) ಬೆಲೆ ಬದಲಾಗುವುದು. ಪಟ್ಟಿಗಳ ವಿಷಯದಲ್ಲಿ ಇದನ್ನು ಮರೆತವರು ತೊಂದರೆಗೆ ಸಿಲುಕುತ್ತಾರೆ. ಸಾಮಾನ್ಯ ಫೈಲಿನಲ್ಲಿ ಮೂರು ಇಮೇಲ್ ವಿಳಾಸಗಳ ಪಟ್ಟಿ ಇದ್ದು, ಡೆವಲಪ್‌ಮೆಂಟ್ ಫೈಲಿನಲ್ಲಿ ಪರೀಕ್ಷೆಯ ಒಂದೇ ವಿಳಾಸವನ್ನು ಬರೆದರೆ, ಪಟ್ಟಿಯ ಸೊನ್ನೆಯ ಸ್ಥಾನದ್ದು ಮಾತ್ರ ಬದಲಾಗಿ, ಉಳಿದ ಎರಡು ನಿಜವಾದ ವಿಳಾಸಗಳು ಹಾಗೆಯೇ ಉಳಿಯುತ್ತವೆ. ಇದನ್ನು ತಪ್ಪಿಸಲು, ಎನ್ವಿರಾನ್‌ಮೆಂಟ್‌ನಿಂದ ಎನ್ವಿರಾನ್‌ಮೆಂಟ್‌ಗೆ ಬದಲಾಗುವ ಪಟ್ಟಿಯನ್ನು ಸಾಮಾನ್ಯ ಫೈಲಿನಲ್ಲಿ ಇಡಲೇಬಾರದು.

ಪಾಸ್‌ವರ್ಡ್‌ಗಳು ಈ ಯಾವ ಜೇಸನ್ ಫೈಲಿನಲ್ಲಿಯೂ ಇರಕೂಡದು. ಕೋಡ್‌ನ ಬದಲಾವಣೆಗಳನ್ನು ಕಮಿಟ್‌ಗಳಾಗಿ ದಾಖಲಿಸುವ ಗಿಟ್‌ಗೆ ಒಮ್ಮೆ ಸೇರಿದ ಪಾಸ್‌ವರ್ಡ್ ಅನ್ನು ಮರುದಿನ ಅಳಿಸಿದರೂ ಅದು ಹಳೆಯ ಕಮಿಟ್‌ಗಳಲ್ಲಿ ಉಳಿದಿರುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಕೆಲಸ ಮಾಡುವಾಗ ‘ಯೂಸರ್ ಸೀಕ್ರೆಟ್ಸ್’ ಬಳಸಬಹುದು. ಅದು ಗೂಢಲಿಪಿಯಲ್ಲಿ ಇಡುವುದಿಲ್ಲ, ಪ್ರಾಜೆಕ್ಟ್‌ನ ಹೊರಗೆ ಇಡುತ್ತದೆ, ಅಷ್ಟೆ. ಸರ್ವರ್‌ನಲ್ಲಿ ಎನ್ವಿರಾನ್‌ಮೆಂಟ್ ವೇರಿಯಬಲ್ ಸಾಕಾಗುತ್ತದೆ. ಕಮಾಂಡ್ ಲೈನ್‌ನಲ್ಲಿ ಪಾಸ್‌ವರ್ಡ್ ಕೊಡುವುದು ಬೇಡ, ಏಕೆಂದರೆ ಲಿನಕ್ಸ್‌ನಲ್ಲಿ ಅದೇ ಯಂತ್ರದ ಬೇರೆ ಬಳಕೆದಾರರು ‘ಪಿಎಸ್’ ಆಜ್ಞೆಯಿಂದ ಅದನ್ನು ಸಾಮಾನ್ಯವಾಗಿ ಓದಬಲ್ಲರು.

ಎಲ್ಲವೂ ಸಿದ್ಧವಾದ ಬಳಿಕ ‘ಗೆಟ್ ಡೀಬಗ್ ವ್ಯೂ’ ಎಂಬ ಮೆಥಡ್ ಅನ್ನು ಒಮ್ಮೆ ಕರೆದು ನೋಡಿ. ಯಾವ ಸೆಟ್ಟಿಂಗ್‌ನ ಬೆಲೆ ಯಾವ ಫೈಲಿನಿಂದ ಅಥವಾ ವೇರಿಯಬಲ್‌ನಿಂದ ಬಂತು ಎಂಬುದನ್ನು ಅದು ಸಾಲುಸಾಲಾಗಿ ತೋರಿಸುತ್ತದೆ. ಪಾಸ್‌ವರ್ಡ್‌ಗಳೂ ಅದರಲ್ಲಿ ಕಾಣುವುದರಿಂದ, ನೋಡಿದ ಮೇಲೆ ಆ ಸಾಲನ್ನು ಕೋಡ್‌ನಿಂದ ತೆಗೆದುಹಾಕಿ. ಎನ್ವಿರಾನ್‌ಮೆಂಟ್‌ನ ಹೆಸರು ಮತ್ತು ಡೇಟಾಬೇಸ್ ಸರ್ವರ್‌ನ ಹೆಸರು ಮಾತ್ರ ಪ್ರತಿ ಬಾರಿಯೂ ಲಾಗ್‌ನ ಮೊದಲ ಸಾಲಿನಲ್ಲಿ ಬರುವಂತೆ ಮಾಡಿ.