ಹಬ್ಬಕ್ಕೆ ಮೊದಲೇ ಹೋಗಿ: ಬಳ್ಳಾರಿಯ ಪಾಲಿಕೆ ಸದಸ್ಯರಿಗೊಂದು ಕೈಪಿಡಿ

ಬಳ್ಳಾರಿ ಮಹಾನಗರ ಪಾಲಿಕೆಗೆ 39 ವಾರ್ಡುಗಳು. ಕೌಲ್‌ಬಜಾರಿನಂಥ ಕಡೆ ಒಂದೇ ಗಲ್ಲಿಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಕಿವಿಗೆ ಬೀಳುತ್ತವೆ. ಇಂಥ ವಾರ್ಡಿನಲ್ಲಿ ಗೆದ್ದವರು ಹಬ್ಬದ ದಿನ ಹೋಗಿ ಶಾಲು ಹೊದಿಸಿಕೊಂಡು ಬಂದರೆ ಪರಿಚಯವಾಗುತ್ತದೆ, ಅಷ್ಟೇ. ಹಬ್ಬಕ್ಕೆ ಹದಿನೈದು ದಿನ ಇರುವಾಗಲೇ ಹೋಗಿ ನೀರು, ದೀಪ, ದಾರಿ, ಕಸದ ಗಾಡಿ ವಿಚಾರಿಸಿದರೆ ಜನ ನಂಬುತ್ತಾರೆ.

ಮೊದಲು ಒಂದು ಪಟ್ಟಿ ಮಾಡಿ. ಗುಡಿ, ಮಸೀದಿ, ದರ್ಗಾ, ಚರ್ಚು, ಬಸದಿ, ಮಠ ಎಲ್ಲರಿಗೂ ನೆನಪಿರುತ್ತವೆ. ಬಿಟ್ಟುಹೋಗುವುದು ಕೇರಿಯ ಮಾರೆಮ್ಮನ ಕಟ್ಟೆ, ಮೊಹರಂನಲ್ಲಿ ಪೀರಲ ದೇವರನ್ನು ಕೂರಿಸುವ ಜಾಗ, ಬಾಡಿಗೆ ಮನೆಯಲ್ಲಿ ನಡೆಯುವ ಪ್ರಾರ್ಥನಾ ಸಭೆ. ಒಂದೊಂದಕ್ಕೂ ಮೂರು ಫೋನ್ ನಂಬರ್ ಬರೆದುಕೊಳ್ಳಿ: ಮುತವಲ್ಲಿ (ಮಸೀದಿ, ದರ್ಗಾದ ಆಡಳಿತ ನೋಡುವವರು), ಧರ್ಮಕರ್ತರು ಅಥವಾ ಫಾದರ್ ಅವರದು, ಬೀಗದ ಕೈ ಇಟ್ಟುಕೊಂಡವರದು, ಹಬ್ಬದ ಕೆಲಸಕ್ಕೆ ಓಡಾಡುವ ಹುಡುಗರಲ್ಲಿ ಒಬ್ಬನದು. ರಾತ್ರಿ ಹನ್ನೊಂದಕ್ಕೆ ಸ್ಪೀಕರ್ ಗಲಾಟೆಯಾದರೆ ಫೋನ್ ಎತ್ತುವವನು ಆ ಹುಡುಗನೇ.

ಸಭೆಗೆ ಗುಡಿಯನ್ನಾಗಲಿ ಮಸೀದಿಯನ್ನಾಗಲಿ ಆರಿಸಬೇಡಿ. ಧಾರ್ಮಿಕ ಸ್ಥಳದ ಆವರಣವನ್ನು ರಾಜಕೀಯ ಚಟುವಟಿಕೆಗೆ ಬಳಸುವುದನ್ನು 1988ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ಮೇಲಾಗಿ ಒಬ್ಬರ ಅಂಗಳಕ್ಕೆ ಇನ್ನೊಬ್ಬರು ಕಾಲಿಡಲು ಹಿಂಜರಿಯುತ್ತಾರೆ. ಸರ್ಕಾರಿ ಶಾಲೆಯ ಕೋಣೆ ಸಾಕು. ದಿನ ನೋಡುವಾಗ ಸೋಮವಾರ ಶಿವನದು, ಮಂಗಳವಾರ ಮತ್ತು ಶುಕ್ರವಾರ ಅಮ್ಮನವು, ಗುರುವಾರ ದರ್ಗಾದ್ದು, ಶುಕ್ರವಾರ ಮಧ್ಯಾಹ್ನ ಜುಮ್ಮಾ, ಶನಿವಾರ ಹನುಮಪ್ಪನದು, ಭಾನುವಾರ ಬೆಳಿಗ್ಗೆ ಚರ್ಚಿನದು. ಉಳಿಯುವುದು ಬುಧವಾರ. ಸಂಜೆ ನಾಲ್ಕೂವರೆಗೆ ಶುರು ಮಾಡಿ ಮಗ್ರಿಬ್‌ಗೆ, ಅಂದರೆ ಸೂರ್ಯ ಮುಳುಗಿದ ಮೇಲಿನ ನಮಾಜಿಗೆ, ಮುಂಚೆ ಮುಗಿಸಿ. ಒಗ್ಗರಣಿ ಮಂಡಕ್ಕಿ ತರಿಸುವುದಾದರೆ ಜೈನರಿಗೆ ಉಳ್ಳಾಗಡ್ಡಿ, ಬೆಳ್ಳುಳ್ಳಿ ಇಲ್ಲದ್ದು ಬೇರೆ ಇರಲಿ. ರಂಜಾನಿನಲ್ಲಿ ತಿಂಡಿಯೇ ಬೇಡ. ಹೆಣ್ಣುಮಕ್ಕಳನ್ನು ಬೆಳಿಗ್ಗೆ ಹನ್ನೊಂದಕ್ಕೆ ಅಂಗನವಾಡಿಯಲ್ಲಿ ಬೇರೆ ಕೂರಿಸಿ ಮಾತಾಡಿ. ಗಂಡಸರ ಸಭೆಯಲ್ಲಿ ಏಳದ ವಿಷಯಗಳು ಅಲ್ಲಿ ಏಳುತ್ತವೆ.

ಆಮೇಲೆ ಕ್ಯಾಲೆಂಡರ್. ಹಿಜರಿ ವರ್ಷ ಸುಮಾರು 11 ದಿನ ಚಿಕ್ಕದಾದ್ದರಿಂದ ಮುಸ್ಲಿಮರ ಹಬ್ಬಗಳು ಪ್ರತಿವರ್ಷ ಹಿಂದಕ್ಕೆ ಸರಿಯುತ್ತವೆ. 2023ರ ಸೆಪ್ಟೆಂಬರ್ 28ರಂದು ಈದ್ ಮಿಲಾದ್ ಮತ್ತು ಗಣಪತಿ ವಿಸರ್ಜನೆಯ ಅನಂತ ಚತುರ್ದಶಿ ಒಂದೇ ದಿನ ಬಂದವು. ಬೆಳಗಾವಿಯಲ್ಲಿ ಮುಸ್ಲಿಂ ಮುಖಂಡರು ತಾವಾಗಿಯೇ ಮೆರವಣಿಗೆಯನ್ನು ಮುಂದಕ್ಕೆ ಹಾಕಿಕೊಂಡರು. ಇಂಥ ಒಪ್ಪಂದ ಠಾಣೆಯ ಶಾಂತಿ ಸಭೆಯಲ್ಲಿ ಹುಟ್ಟುವುದು ಕಡಿಮೆ. ಅಲ್ಲಿಗೆ ಬರುವ ಹೊತ್ತಿಗೆ ಎಲ್ಲರೂ ತಮ್ಮವರ ಮುಂದೆ ಮಾತು ಕೊಟ್ಟು ಬಂದಿರುತ್ತಾರೆ. ತಿಂಗಳು ಮುಂಚೆಯೇ ಎರಡೂ ಕಡೆಯ ಮುಖಂಡರನ್ನು ಕೂರಿಸಿ ಚಹಾ ಕುಡಿಸಿ ಕೇಳಿ. ಚಂದ್ರ ಕಾಣುವುದರ ಮೇಲೆ ದಿನ ನಿಲ್ಲುವುದರಿಂದ ಒಂದು ದಿನ ಹೆಚ್ಚುಕಡಿಮೆಗೂ ಜಾಗ ಇಟ್ಟುಕೊಳ್ಳಿ.

ಗಣಪತಿ ಮೆರವಣಿಗೆಯಲ್ಲಿ ಎಡವುವುದು ಸಮಯದಲ್ಲಿ. ಅರ್ಜಿಯಲ್ಲಿ ಹೊರಡುವ ಹೊತ್ತನ್ನು ಮಾತ್ರ ಬರೆದಿರುತ್ತಾರೆ. ಆರಕ್ಕೆ ಹೊರಡಬೇಕಾದ್ದು ಏಳೂವರೆಗೆ ಹೊರಟು, ಮಸೀದಿ ಮುಂದೆ ಸರಿಯಾಗಿ ರಾತ್ರಿಯ ಇಷಾ ನಮಾಜಿನ ಹೊತ್ತಿಗೆ ಬಂದು ನಿಲ್ಲುತ್ತದೆ. ದಾರಿಯಲ್ಲಿ ಮೂರು ಗುರುತು ಹಾಕಿ, ಯಾವ ಗುರುತನ್ನು ಎಷ್ಟು ಹೊತ್ತಿಗೆ ದಾಟಬೇಕೆಂದು ಬರೆಯಿಸಿ. ಮಸೀದಿಯಲ್ಲಿ ಅಜಾನಿನ ಹೊತ್ತಲ್ಲ, ಜಮಾತ್, ಅಂದರೆ ಸಾಮೂಹಿಕ ನಮಾಜು, ಶುರುವಾಗುವ ಹೊತ್ತು ಕೇಳಿ. ಅದನ್ನು ಅಲ್ಲೇ ಬೋರ್ಡಿನಲ್ಲಿ ಬರೆದಿರುತ್ತಾರೆ. ಅದು ಮುಗಿಯಲು ಹತ್ತು–ಹದಿನೈದು ನಿಮಿಷ ಸಾಕು. ತಡವಾದರೆ ಹಿಂದಿನ ಗುರುತಿನಲ್ಲೇ ನಿಲ್ಲಿಸಿ ಕಾಯಿಸಬಹುದು.

ಧ್ವನಿವರ್ಧಕ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ನಿಷಿದ್ಧ. ಮಧ್ಯರಾತ್ರಿವರೆಗೆ ರಿಯಾಯಿತಿ ಕೊಡುವ ಅಧಿಕಾರ ರಾಜ್ಯ ಸರ್ಕಾರದ್ದು, ಅದೂ ವರ್ಷಕ್ಕೆ 15 ದಿನ ಮೀರದಂತೆ. ಈ ನಿಯಮ ಎಲ್ಲರಿಗೂ ಒಂದೇ. ಒಬ್ಬರಿಗೆ ಸಡಿಲ, ಇನ್ನೊಬ್ಬರಿಗೆ ಬಿಗಿ ಎಂದರೆ ಐದು ವರ್ಷದ ದುಡಿಮೆ ಒಂದೇ ರಾತ್ರಿಗೆ ನೀರಲ್ಲಿ ಹೋಮ.

ಬಕ್ರೀದಿನ ಕುರ್ಬಾನಿ ಮೂರು ದಿನ ನಡೆಯುತ್ತದೆ, ಕಸದ ಗಾಡಿಯನ್ನು ಮಾತ್ರ ಮೊದಲ ದಿನಕ್ಕಷ್ಟೇ ಹೇಳಿರುತ್ತಾರೆ. ಎರಡನೇ ದಿನದ ತ್ಯಾಜ್ಯವನ್ನು ನಾಯಿ ಎಳೆದುಕೊಂಡು ಹೋಗಿ ಯಾರದೋ ಗುಡಿಯ ಮುಂದೆ ಹಾಕಿದರೆ ಜಗಳಕ್ಕೆ ಬೇರೆ ಕಾರಣ ಬೇಕಿಲ್ಲ. ಮೂರೂ ದಿನಕ್ಕೆ ಪ್ರತ್ಯೇಕ ಗಾಡಿ, ದಿನಕ್ಕೆ ಎರಡು ಸುತ್ತು, ಹಿಂದಿನ ದಿನವೇ ಮನೆಮನೆಗೆ ದಪ್ಪ ಚೀಲ, ಜಾಗ ತೊಳೆದ ಮೇಲೆ ಬ್ಲೀಚಿಂಗ್ ಪೌಡರ್: ಇದನ್ನು ಹೆಲ್ತ್ ಇನ್‌ಸ್ಪೆಕ್ಟರ್ ಅವರಿಂದ ಬರವಣಿಗೆಯಲ್ಲಿ ಪಡೆಯಿರಿ. ಪೌರಕಾರ್ಮಿಕರಿಗೆ ಗ್ಲೌಸ್ ಕೊಟ್ಟಿದ್ದಾರೆಯೇ ಎಂದು ನೀವೇ ಕಣ್ಣಾರೆ ನೋಡಿ.

ಮೊಹರಂ ನಮ್ಮ ಭಾಗದಲ್ಲಿ ಇಬ್ಬರ ಹಬ್ಬ. ಅಲಾಯಿ ದೇವರ (ಪೀರಲ ದೇವರ) ಸೇವೆ ವಂಶಪಾರಂಪರ್ಯವಾಗಿ ಹಿಂದೂ ಮನೆತನಗಳಲ್ಲಿ ಇರುವುದೂ ಉಂಟು, ಹಾಗಾಗಿ ಮಸೀದಿ ಕಮಿಟಿಯನ್ನಷ್ಟೇ ಕೇಳಿದರೆ ಅರ್ಧ ಮಾತು ತಿಳಿದಂತೆ. ಬೆಂಕಿ ಹಾಕಿ ಸುತ್ತ ಕುಣಿಯುವ ಅಲಾಯಿ ಕುಣಿಗೆ ಗುದ್ದಲಿ ಹಾಕುವ ಮುಂಚೆ ನೀರು ಬಿಡುವವರನ್ನು ಕರೆಸಿ ಪೈಪ್‌ಲೈನ್ ಎಲ್ಲಿದೆ ಎಂದು ಗುರುತು ಮಾಡಿಸಿ. ದೇವರ ಸವಾರಿ ಹೋಗುವ ದಾರಿಯಲ್ಲಿ ಜೋತುಬಿದ್ದ ತಂತಿಯನ್ನು ವಿದ್ಯುತ್ ಕಂಪನಿ ಜೆಸ್ಕಾಂನವರಿಂದ ಬಿಗಿಸಿ. ದೇವರು ದಫನ್ ಆದ, ಅಂದರೆ ಹಬ್ಬ ಮುಗಿದು ವಿಸರ್ಜನೆಯಾದ, ಎರಡು ದಿನದೊಳಗೆ ಕುಣಿ ಮುಚ್ಚಿಸುವ ಹೊಣೆ ಯಾರದೆಂದು ಮೊದಲೇ ಹೆಸರಿಟ್ಟು ಬರೆದಿಡಿ.

ಸ್ಮಶಾನ, ಖಬರಸ್ತಾನ, ಕ್ರೈಸ್ತರ ಸಮಾಧಿ ಜಾಗಗಳಿಗೆ ವರ್ಷಕ್ಕೆರಡು ಸಲವಾದರೂ ಹೋಗಿ. ಒಂದು ನಲ್ಲಿ, ಒಂದು ದೀಪ, ಮಳೆಗಾಲದಲ್ಲೂ ಹೆಣ ಹೊರಬಹುದಾದ ದಾರಿ ಇದೆಯೇ ನೋಡಿ. ಹೂಳಲು ಜಾಗವೇ ಇಲ್ಲದ ಸಣ್ಣ ಪ್ರಾರ್ಥನಾ ಸಭೆಗಳವರು ಅದನ್ನು ನಾಲ್ಕು ಜನರೆದುರು ಹೇಳಿಕೊಳ್ಳುವುದಿಲ್ಲ, ನೀವೇ ಕೇಳಬೇಕು.

ವಾಟ್ಸಾಪಿನಲ್ಲಿ ಸುದ್ದಿ ಹಬ್ಬಿದ ದಿನ ಮೊದಲು ಠಾಣೆಗೆ ಫೋನ್ ಮಾಡಿ ನಡೆದದ್ದೇನು ತಿಳಿದುಕೊಳ್ಳಿ. ಆಮೇಲೆ ನಿಮ್ಮ ಪಟ್ಟಿಯಲ್ಲಿರುವ ಹುಡುಗರಿಗೆ ಕನ್ನಡ, ತೆಲುಗು, ಉರ್ದುವಿನಲ್ಲಿ ಅರ್ಧ ನಿಮಿಷದ ವಾಯ್ಸ್ ಮೆಸೇಜ್ ಕಳಿಸಿ. ತಿಳಿದದ್ದನ್ನಷ್ಟೇ ಹೇಳಿ, ಜಾತಿ ಧರ್ಮದ ಹೆಸರು ಎತ್ತಬೇಡಿ. ಬಂದ ವೀಡಿಯೊವನ್ನು ‘ಇದು ಸುಳ್ಳು’ ಎಂದು ಬರೆದು ಕೂಡ ಮುಂದಕ್ಕೆ ಕಳಿಸಬೇಡಿ. ನೋಡುವವರು ವೀಡಿಯೊ ನೋಡುತ್ತಾರೆ, ಬರೆದದ್ದನ್ನು ಓದುವುದಿಲ್ಲ.