ವೇದಿಕೆ ಇಲ್ಲದ ರಕ್ತದಾನ: ನಮ್ಮ ಕ್ಲಬ್ಬಿನ ಮೂರು ವರ್ಷ

ವರ್ಷಕ್ಕೊಂದು ರಕ್ತದಾನ ಶಿಬಿರದ ಬದಲು ಪ್ರತಿ ತಿಂಗಳು ಬ್ಲಡ್ ಬ್ಯಾಂಕಿಗೇ ಹೋಗಿ ರಕ್ತ ಕೊಡೋಣ ಅಂತ ನಮ್ಮ ಸೇವಾ ಕ್ಲಬ್ಬಿನ ಬೋರ್ಡ್ ಮೀಟಿಂಗಿನಲ್ಲಿ ಮೊದಲ ಸಲ ಮಾತು ಎತ್ತಿದಾಗ ಒಬ್ಬ ಹಿರಿಯ ಸದಸ್ಯರು ಕೇಳಿದ್ದು ಒಂದೇ ಪ್ರಶ್ನೆ. "ತಿಂಗಳಿಗೆ ಇಪ್ಪತ್ತು ಯುನಿಟ್ಟಾ? ಅಷ್ಟಕ್ಕೆ ಒಂದು ಕ್ಲಬ್ ಯಾಕೆ ಬೇಕು?" ಉಳಿದವರು ತಲೆ ಆಡಿಸಿದರು. ಇಂದು ಅದೇ ಹಿರಿಯರು ತಿಂಗಳ ಎರಡನೇ ಭಾನುವಾರ ನನಗಿಂತ ಮೊದಲೇ ಬ್ಲಡ್ ಬ್ಯಾಂಕಿಗೆ ಬಂದು ಕುಳಿತಿರುತ್ತಾರೆ. ನಾವು ಹೇಗೆ ಮಾಡಿದೆವು ಅಂತ ಬೇರೆ ಕ್ಲಬ್ಬಿನವರು ಫೋನ್ ಮಾಡಿ ಕೇಳುತ್ತಾರೆ. ಪ್ರತಿ ಸಲ ಹೇಳುವ ಬದಲು ಒಮ್ಮೆ ಬರೆದುಬಿಡೋಣ ಅನ್ನಿಸಿತು.

ವರ್ಷಕ್ಕೊಂದು ದೊಡ್ಡ ಶಿಬಿರ ಹೇಗಿರುತ್ತದೆ ಅಂತ ನಿಮಗೆಲ್ಲ ಗೊತ್ತು. ನಾವೂ ಹಾಗೇ ಮಾಡುತ್ತಿದ್ದೆವು. ಜೂನ್ 14ಕ್ಕೆ, ಅಂದರೆ ವಿಶ್ವ ರಕ್ತದಾನಿಗಳ ದಿನಕ್ಕೆ. ರಕ್ತದ ಗುಂಪುಗಳನ್ನು ಕಂಡುಹಿಡಿದ ಕಾರ್ಲ್ ಲ್ಯಾಂಡ್‌ಸ್ಟೈನರ್ ಹುಟ್ಟಿದ ದಿನ ಅದು. ದಿನವೇನೋ ಒಳ್ಳೆಯದೇ. ಆದರೆ ಅದೇ ವಾರ ಎಲ್ಲ ಸಂಘಗಳೂ ಶಿಬಿರ ಮಾಡುತ್ತವೆ. ಜೂನ್ 30ಕ್ಕೆ ಕ್ಲಬ್ಬಿನ ವರ್ಷ ಬೇರೆ ಮುಗಿಯುತ್ತದೆ. ವರದಿಗೆ ಒಂದು ದೊಡ್ಡ ಸಂಖ್ಯೆ ಬೇಕಾಗಿರುತ್ತದೆ. ನಮ್ಮ ಕೊನೆಯ ದೊಡ್ಡ ಶಿಬಿರದಲ್ಲಿ 210ರ ಆಸುಪಾಸು ಯುನಿಟ್, ಅಂದರೆ ಅಷ್ಟು ಚೀಲ ರಕ್ತ, ಸೇರಿತ್ತು. ಚಪ್ಪಾಳೆ ಬಿತ್ತು. ಫೋಟೋ ಬಂತು.

ಎರಡು ತಿಂಗಳ ನಂತರ ನಮ್ಮ ಸದಸ್ಯರೊಬ್ಬರ ತಂಗಿಗೆ ತುರ್ತಾಗಿ ಮೂರು ಯುನಿಟ್ ಬೇಕಾಯಿತು. ನಾವು ರಕ್ತ ಕೊಟ್ಟಿದ್ದ ಬ್ಲಡ್ ಬ್ಯಾಂಕಿನಲ್ಲೇ ಆ ಗುಂಪು ಇರಲಿಲ್ಲ. ನನಗೆ ಸಿಟ್ಟು ಬಂತು. ನೇರ ಹೋಗಿ ಕೇಳಿದೆ. ಅಲ್ಲಿನ ಡಾಕ್ಟರಮ್ಮ ಬೇಸರ ಮಾಡಿಕೊಳ್ಳಲಿಲ್ಲ. ಕೂರಿಸಿ ವಿವರಿಸಿದರು. ಕೆಂಪು ರಕ್ತಕಣ, ಚೀಲದಲ್ಲಿರುವ ದ್ರಾವಣಕ್ಕೆ ತಕ್ಕ ಹಾಗೆ, 35 ಅಥವಾ 42 ದಿನ ಕೆಡದೆ ಇರುತ್ತದೆ. ರಕ್ತ ಹೆಪ್ಪುಗಟ್ಟಿಸುವ ಕಣವಾದ ಪ್ಲೇಟ್‌ಲೆಟ್ಟಿಗೆ ಐದೇ ದಿನ. "ಸರ್, ನೀವು ಜೂನ್‌ನಲ್ಲಿ ಕೊಟ್ಟದ್ದು ಆಗಸ್ಟ್‌ಗೆ ಹೇಗೆ ಇರುತ್ತದೆ?" ಅಂದರು. ಇಷ್ಟು ವರ್ಷ ಶಿಬಿರ ಮಾಡಿದ್ದೆ, ಈ ಲೆಕ್ಕ ಮಾತ್ರ ಒಮ್ಮೆಯೂ ಹಾಕಿರಲಿಲ್ಲ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಮನೆಗೆ ಬಂದು ಹಳೆಯ ಖರ್ಚಿನ ಹಾಳೆ ತೆಗೆದೆ. ಶಿಬಿರದ ಖರ್ಚನ್ನು ಹತ್ತು ಪಾಲು ಮಾಡಿದರೆ ಸುಮಾರು ನಾಲ್ಕು ಪಾಲು ನೆನಪಿನ ಕಾಣಿಕೆಗೆ ಹೋಗಿತ್ತು. ಮೂರು ಪಾಲು ವೇದಿಕೆ, ಮೈಕು, ಕುರ್ಚಿಗೆ. ಬ್ಯಾನರ್, ಪ್ರಮಾಣಪತ್ರದ ಮುದ್ರಣಕ್ಕೆ ಎರಡು. ರಕ್ತ ಕೊಟ್ಟವರ ಉಪಚಾರಕ್ಕೆ ಉಳಿದದ್ದು ಒಂದೇ ಪಾಲು. ಇದೆಲ್ಲ ಪ್ರಾಜೆಕ್ಟ್ ಖಾತೆಯ ಹಣ. ಸದಸ್ಯರ ವಂತಿಗೆ ಬೇರೆ, ಸೇವೆಗೆ ಅಂತ ಜನರಿಂದ ಎತ್ತಿದ ಹಣ ಬೇರೆ, ಎರಡನ್ನೂ ಬೆರೆಸಬಾರದು ಅಂತ ಕಟ್ಟುನಿಟ್ಟಾಗಿ ನಡೆಯುವವರು ನಾವು. ನಿಯಮದ ಪ್ರಕಾರ ಲೆಕ್ಕ ಸರಿಯಾಗಿಯೇ ಇತ್ತು. ಆದರೂ ಆ ಹಾಳೆ ನೋಡುವಾಗ ಹೊಟ್ಟೆ ತೊಳಸಿದ ಹಾಗಾಯಿತು.

ನನ್ನ ಯೋಚನೆ ಸರಳವಾಗಿತ್ತು. ಶಿಬಿರವನ್ನೇ ಬಿಡೋಣ. ರಕ್ತ ತೆಗೆದುಕೊಳ್ಳುವ ವ್ಯಾನ್ ಕರೆಸುವುದು ಬೇಡ, ನಾವೇ ಬ್ಲಡ್ ಬ್ಯಾಂಕಿಗೆ ಹೋಗೋಣ. ಪ್ರತಿ ತಿಂಗಳು ಸ್ವಲ್ಪ ಸ್ವಲ್ಪ ಜನ. ಕ್ಲಬ್ಬಿನ ಎರಡು ಸಭೆಗಳಲ್ಲಿ ಒಂದನ್ನು ಅಲ್ಲೇ ನಡೆಸೋಣ. ಖಜಾಂಚಿಗಳಿಗೆ ಹಾಜರಾತಿಯ ಚಿಂತೆ. ಕಾರ್ಯದರ್ಶಿಗಳಿಗೆ ವರದಿಯ ಚಿಂತೆ. "ಇಪ್ಪತ್ತು ಜನರ ಫೋಟೋ ಯಾರು ನೋಡುತ್ತಾರೆ?" ಅಂದರು ಒಬ್ಬರು. ನಾನು ರೋಟರಿ ಸೇವಾ ಸಂಸ್ಥೆಯ ಉದಾಹರಣೆ ಕೊಟ್ಟೆ. 1905ರಲ್ಲಿ ಷಿಕಾಗೋದಲ್ಲಿ ವಕೀಲ ಪಾಲ್ ಹ್ಯಾರಿಸ್ ಸೇರಿಸಿದ್ದು ತಮ್ಮನ್ನೂ ಸೇರಿಸಿ ನಾಲ್ಕೇ ಜನರನ್ನು. ಸರದಿಯ ಮೇಲೆ ಒಬ್ಬೊಬ್ಬರ ಆಫೀಸಿನಲ್ಲಿ ಕೂರುತ್ತಿದ್ದರು, ರೋಟರಿ ಅಂತ ಹೆಸರು ಬಂದದ್ದೂ ಆ ಸರದಿಯಿಂದ, ಅಂದರೆ 'ರೊಟೇಷನ್'ನಿಂದಲೇ. ಅವರು ಮೊದಮೊದಲು ಕೈ ಹಾಕಿದ ಊರ ಕೆಲಸಗಳಲ್ಲಿ ಒಂದು ಸಾರ್ವಜನಿಕ ಶೌಚಾಲಯ. ಅದಕ್ಕೆ ಯಾವ ಫೋಟೋ ಬೇಕಿತ್ತು? ಕೊನೆಗೆ ಆರು ತಿಂಗಳು ಪ್ರಯತ್ನ ಮಾಡಿ ಅಂತ ಒಪ್ಪಿಗೆ ಸಿಕ್ಕಿತು. ಹಣ ಕೊಡಲಿಲ್ಲ.

ಮೊದಲ ತಿಂಗಳು ಆರು ಜನ ಬಂದರು. ಎರಡನೇ ತಿಂಗಳು ನಾಲ್ಕು. ಅದರಲ್ಲಿ ನಾನೊಬ್ಬ, ನನ್ನ ಮಗ ಇನ್ನೊಬ್ಬ.

ತಪ್ಪು ಎಲ್ಲಿತ್ತು ಅಂದರೆ ಕರೆಯುವುದರಲ್ಲಿ. ಹಳೆಯ ಶಿಬಿರಗಳ ಪಟ್ಟಿಯಿಂದ ನಂಬರ್ ಹೆಕ್ಕಿ ವಾಟ್ಸಾಪ್ ಗುಂಪು ಮಾಡಿದ್ದೆ. 180 ಜನ. ಸಂದೇಶ ಹಾಕಿದರೆ 70 ಜನ ಹೆಬ್ಬೆರಳು ಎತ್ತುತ್ತಿದ್ದರು. ಬರುತ್ತಿದ್ದವರು ಮೂವರು. ಗುಂಪಿಗೆ ಹಾಕಿದ ಕರೆ ಯಾರಿಗೂ ತನ್ನನ್ನೇ ಕರೆದ ಹಾಗೆ ಅನ್ನಿಸುವುದಿಲ್ಲ. ಕ್ಲಬ್ಬಿನ ಹುಡುಗನೊಬ್ಬ ಪ್ರೀತಿಯಿಂದ ಒಂದು ಆ್ಯಪ್ ಮಾಡಿಕೊಟ್ಟ. ಚೆನ್ನಾಗಿಯೇ ಇತ್ತು. ಆದರೆ ಮೂರು ತಿಂಗಳಲ್ಲಿ ಅದನ್ನು ತೆರೆದವರು ಹನ್ನೊಂದು ಜನ. ಈಗ ನಮ್ಮ ಹತ್ತಿರ ಇರುವುದು ಗೆರೆ ಹಾಕಿದ ಒಂದು ಉದ್ದ ಪುಸ್ತಕ ಮತ್ತು ಅದರದ್ದೇ ನಕಲು ಒಂದು ಎಕ್ಸೆಲ್ ಹಾಳೆ. ಅಷ್ಟೇ.

ಗುಂಪನ್ನು ಅಳಿಸಿಬಿಟ್ಟೆ. ನಮ್ಮ ಪಟ್ಟಿಯಲ್ಲಿ 41 ಸದಸ್ಯರು, ಸಭೆಗೆ ಬರುತ್ತಿದ್ದವರು 15-16. ಅವರಲ್ಲಿ ಒಪ್ಪಿದವರಿಗೆ ತಲಾ ಹತ್ತು ಹನ್ನೆರಡು ದಾನಿಗಳನ್ನು ಹಂಚಿದೆ. ಇವರು ನಿಮ್ಮವರು ಅಂದೆ. ಕರೆಯುವುದು, ಕರೆದುಕೊಂಡು ಬರುವುದು, ಪಕ್ಕದಲ್ಲಿ ಕೂರುವುದು, ಮಾರನೇ ದಿನ ಹೇಗಿದ್ದೀರಿ ಅಂತ ಕೇಳುವುದು, ಎಲ್ಲ ಆ ಸದಸ್ಯರದ್ದೇ. ಪೂರ್ತಿ ಪಟ್ಟಿಯನ್ನು ಆರು ಗುಂಪು ಮಾಡಿದೆ. ಒಂದು ಗುಂಪಿಗೆ ಆರು ತಿಂಗಳಿಗೊಮ್ಮೆ ಸರದಿ. ಗಂಡಸರಿಗೆ ಮೂರು ತಿಂಗಳು, ಹೆಂಗಸರಿಗೆ ನಾಲ್ಕು ತಿಂಗಳು ಅಂತರ ಸಾಕು. ಆದರೂ ನಾನು ಆರೇ ಇಟ್ಟೆ. ಪದೇ ಪದೇ ಕೇಳಿದರೆ ಜನ ಫೋನ್ ಎತ್ತುವುದಿಲ್ಲ, ಅಲ್ವಾ?

ಕರೆ ಮಾಡುವುದು ಮೂರು ದಿನ ಮುಂಚೆ. ಒಂದು ವಾರ ಮುಂಚೆ ಹೇಳಿದರೆ ಮರೆಯುತ್ತಾರೆ. ಹಿಂದಿನ ದಿನ ಹೇಳಿದರೆ ಬೇರೆ ಕೆಲಸ ಇಟ್ಟುಕೊಂಡಿರುತ್ತಾರೆ. ಫೋನಿನಲ್ಲಿ ಮೊದಲ ಮಾತು ಏನು ಆಡಬೇಕು ಎನ್ನುವುದಕ್ಕೆ ನನ್ನದೇ ಒಂದು ವಾಕ್ಯ ಇದೆ. ಹತ್ತಾರು ಸಲ ತಿದ್ದಿ ಹದಕ್ಕೆ ತಂದದ್ದು. ಅದನ್ನು ನಮ್ಮ ಸದಸ್ಯರಿಗೆ ಮಾತ್ರ ಕಲಿಸುತ್ತೇನೆ, ಇಲ್ಲಿ ಬರೆಯುವುದಿಲ್ಲ.

ಈ ಹಂಚಿಕೆಯಿಂದ ನಾನು ಊಹಿಸದ ಒಂದು ಲಾಭ ಆಯಿತು. ನಮ್ಮಲ್ಲಿ ಒಬ್ಬರು ವಯಸ್ಸಾದ ಸದಸ್ಯರಿದ್ದಾರೆ. ಹತ್ತು ವರ್ಷದಲ್ಲಿ ಸಭೆಯಲ್ಲಿ ಒಮ್ಮೆಯೂ ಎದ್ದು ಮಾತಾಡಿದವರಲ್ಲ. ಅವರಿಗೂ ಹನ್ನೆರಡು ಹೆಸರು ಕೊಟ್ಟೆ. ಸರದಿ ಬಂದರೆ ಅವರ ಹತ್ತು ಜನ ಬಂದೇ ಬರುತ್ತಾರೆ. ಯಾರ ಮಗಳಿಗೆ ಪರೀಕ್ಷೆ, ಯಾರಿಗೆ ರಾತ್ರಿ ಪಾಳಿ, ಎಲ್ಲ ಅವರ ಚಿಕ್ಕ ಪುಸ್ತಕದಲ್ಲಿ ಇದೆ. ಅವರು ದಾನಿಯ ಪಕ್ಕ ಕೂತು ಮೆಲ್ಲಗೆ ಮಾತಾಡುವುದನ್ನು ನೋಡಿದರೆ ನನಗೆ ಕಣ್ಣು ತುಂಬುತ್ತದೆ. ಇಷ್ಟು ವರ್ಷ ಕ್ಲಬ್ ಅವರಿಗೆ ಸರಿಯಾದ ಕೆಲಸವನ್ನೇ ಕೊಟ್ಟಿರಲಿಲ್ಲ.

ಐದನೇ ತಿಂಗಳು ಎಲ್ಲ ಕೆಟ್ಟಿತು ಅಂದುಕೊಂಡೆ. ಹೊಸ ಹುಡುಗನೊಬ್ಬ ರಕ್ತ ಕೊಟ್ಟ ತಕ್ಷಣ ಎದ್ದು ನಿಂತು ಬಿದ್ದ. ಅದನ್ನು ನೋಡಿದ ಇನ್ನೊಬ್ಬಳು ಸೂಜಿ ಚುಚ್ಚುವ ಮೊದಲೇ ತಲೆ ತಿರುಗಿ ಕುಳಿತಳು. ಕಾಯುತ್ತಿದ್ದವರಲ್ಲಿ ಐದು ಜನ ಸದ್ದಿಲ್ಲದೆ ಹೊರಟುಹೋದರು. ಇಬ್ಬರಿಗೂ ಹತ್ತು ನಿಮಿಷದಲ್ಲಿ ಸರಿಹೋಯಿತು, ಆದರೆ ಆ ಐದು ಜನರಲ್ಲಿ ಇಬ್ಬರು ಮತ್ತೆ ಬರಲೇ ಇಲ್ಲ. ಅಂದಿನಿಂದ ಮೂರು ಬದಲಾವಣೆ ಮಾಡಿದೆವು. ಬಂದವರಿಗೆಲ್ಲ ಮೊದಲು ಅರ್ಧ ಲೀಟರ್ ನೀರು. ಕಾಯುವವರಿಗೆ ಕೊಡುವವರು ಕಾಣದ ಹಾಗೆ ಕುರ್ಚಿ. ಕೊಟ್ಟ ಮೇಲೆ ಹದಿನೈದು ನಿಮಿಷ ಕೂರಲೇಬೇಕು, ಪಕ್ಕದಲ್ಲಿ ನಮ್ಮವರೊಬ್ಬರು. ಮಲಗಿದ್ದಾಗ ಕಾಲಿನ ಸ್ನಾಯು ಬಿಗಿ ಮಾಡಿ ಸಡಿಲಿಸುತ್ತಾ ಇರಲು ಅಲ್ಲಿನ ನರ್ಸ್ ಹೇಳಿಕೊಟ್ಟರು. ಆಮೇಲೆ ಮೂರು ವರ್ಷದಲ್ಲಿ ತಲೆ ಸುತ್ತಿದವರು ನನಗೆ ನೆನಪಿರುವ ಹಾಗೆ ನಾಲ್ಕೋ ಐದೋ ಜನ.

ಇನ್ನೊಂದು ತಪ್ಪು ನನ್ನದೇ. ಸದಸ್ಯರಲ್ಲಿ ಹುರುಪು ತುಂಬಲು ಅಂಕ ಇಟ್ಟೆ. ಒಬ್ಬ ದಾನಿಗೆ ಒಂದು ಅಂಕ, ಹೊಸಬರಾದರೆ ಎರಡು. ಎರಡೇ ತಿಂಗಳಲ್ಲಿ ನಂಬರ್ ಏರಿತು. ಒಂದು ದಿನ ಸದಸ್ಯರೊಬ್ಬರು ಕರೆತಂದಿದ್ದ ವ್ಯಕ್ತಿಗೆ ಹಿಂದಿನ ವಾರವಷ್ಟೇ ಜ್ವರ ಬಂದು ಮಾತ್ರೆ ನುಂಗುತ್ತಿದ್ದದ್ದು ಡಾಕ್ಟರರ ಪ್ರಶ್ನೆಗಳಲ್ಲಿ ಹೊರಬಿತ್ತು. ಕರೆತಂದವರಿಗೆ ಬೇಸರ ಆಗಬಾರದು ಅಂತ ಸುಮ್ಮನಿದ್ದರಂತೆ. ಅವತ್ತೇ ಅಂಕ ನಿಲ್ಲಿಸಿದೆ. ನೆನಪಿನ ಕಾಣಿಕೆಯನ್ನೂ ಪೂರ್ತಿ ಬಿಟ್ಟೆವು. ಒತ್ತಾಯಕ್ಕೋ ವಸ್ತುವಿಗೋ ಬರುವವರು ನಿಜ ಮುಚ್ಚಿಡುತ್ತಾರೆ. ಆ ರಕ್ತ ಹೋಗುವುದು ಇನ್ನೊಬ್ಬರ ಮೈಗೆ.

ಇದೇ ಕಾರಣಕ್ಕೆ ಪರೀಕ್ಷೆಯ ಫಲಿತಾಂಶ ಕ್ಲಬ್ಬಿಗೆ ಬರಬಾರದು. ಎಚ್‌ಐವಿ, ಹೆಪಟೈಟಿಸ್, ಸಿಫಿಲಿಸ್ ಇವೆಲ್ಲ ಬ್ಲಡ್ ಬ್ಯಾಂಕಿನವರು ನೋಡುತ್ತಾರೆ. ಹೇಳುವುದಿದ್ದರೆ ದಾನಿಗೇ ನೇರ ಹೇಳುತ್ತಾರೆ. ನಮಗೊಂದು ಪಟ್ಟಿ ಕೊಡಲಿ ಅಂತ ಒಬ್ಬರು ಹಟ ಹಿಡಿದರು. ನಾನು ಸ್ಥಾನ ಬಿಡುತ್ತೇನೆ, ಪಟ್ಟಿ ಮಾತ್ರ ತರುವುದಿಲ್ಲ ಅಂದೆ. ಅಲ್ಲಿಗೆ ಆ ಮಾತು ನಿಂತಿತು.

ಹಿಮೋಗ್ಲೋಬಿನ್ ಬಗ್ಗೆ ಹೇಳಲೇಬೇಕು. ಡೆಸಿಲೀಟರಿಗೆ 12.5 ಗ್ರಾಂ ಇಲ್ಲದಿದ್ದರೆ ವಾಪಸ್ ಕಳಿಸುತ್ತಾರೆ. ಹಾಗೆ ವಾಪಸ್ ಹೋಗುವವರಲ್ಲಿ ಹೆಂಗಸರೇ ಜಾಸ್ತಿ. ಧೈರ್ಯ ಮಾಡಿ ಬಂದವರು ಮುಖ ಸಣ್ಣದು ಮಾಡಿಕೊಂಡು ಹೋಗುತ್ತಿದ್ದರು, ಮತ್ತೆ ಫೋನ್ ಎತ್ತುತ್ತಿರಲಿಲ್ಲ. ನಮ್ಮ ಸದಸ್ಯೆಯೊಬ್ಬರು ಈ ಕೆಲಸ ತಾವೇ ಹೊತ್ತುಕೊಂಡರು. ವಾಪಸ್ ಹೋದವರ ಜೊತೆ ಮಾತಾಡಿ, ಡಾಕ್ಟರ ಹತ್ತಿರ ತೋರಿಸಿಕೊಳ್ಳಿ ಅಂತ ಹೇಳಿ, ಮೂರು ನಾಲ್ಕು ತಿಂಗಳ ಮೇಲೆ ಮತ್ತೆ ವಿಚಾರಿಸುವುದು. ಸುಮಾರು 40 ಜನರಲ್ಲಿ 15 ಜನ ಮುಂದೆ ರಕ್ತ ಕೊಟ್ಟರು. ಉಳಿದವರಲ್ಲೂ ಹಲವರು ತಮ್ಮ ರಕ್ತಹೀನತೆಗೆ ಔಷಧಿ ಶುರು ಮಾಡಿದರು. ವರದಿಯಲ್ಲಿ ಇದಕ್ಕೆ ಕಾಲಂ ಇಲ್ಲ. ನನ್ನ ಲೆಕ್ಕದಲ್ಲಿ ಇದು ಇಡೀ ಪ್ರಾಜೆಕ್ಟಿನ ಅರ್ಧ.

ಓ ನೆಗೆಟಿವ್ ಥರದ ಅಪರೂಪದ ರಕ್ತದ ಗುಂಪಿನವರು ನಮ್ಮಲ್ಲಿ ಒಂಬತ್ತು ಜನ. ಅವರನ್ನು ಸರದಿಯಿಂದ ತೆಗೆದು ಬೇರೆ ಪುಟದಲ್ಲಿ ಬರೆದಿದ್ದೇವೆ. ಬ್ಲಡ್ ಬ್ಯಾಂಕ್ ಕೇಳಿದರೆ ಮಾತ್ರ ಕರೆ. ಎರಡು ಸಲ ನಡುರಾತ್ರಿ ಹೋಗಿದ್ದೇವೆ.

ನಡುವೆ ಕನ್ನಡಕದ ಪ್ರಯೋಗವೊಂದು ಆಯಿತು. 1925ರಲ್ಲಿ ಕಣ್ಣು ಕಾಣದ, ಕಿವಿ ಕೇಳದ ಅಮೆರಿಕದ ಲೇಖಕಿ ಹೆಲೆನ್ ಕೆಲರ್ ಲಯನ್ಸ್ ಎಂಬ ಸೇವಾ ಕ್ಲಬ್ಬುಗಳ ಸಮಾವೇಶಕ್ಕೆ ಬಂದು ಕುರುಡರ ಪರ ನಿಲ್ಲಿ ಅಂತ ಕೇಳಿಕೊಂಡದ್ದು ಸೇವಾ ಕ್ಲಬ್ಬಿನವರಿಗೆಲ್ಲ ಗೊತ್ತಿರುವ ಸಂಗತಿ. ನಮ್ಮವರಿಗೂ ಕಣ್ಣಿನ ಕೆಲಸ ಮಾಡುವ ಆಸೆ. ಹಳೆಯ ಕನ್ನಡಕ ಕೂಡಿಸಲು ಪೆಟ್ಟಿಗೆ ಇಟ್ಟೆವು. 300ರಷ್ಟು ಬಂದವು. ಗೀರು ಬಿದ್ದದ್ದು, ಕಾಲು ಮುರಿದದ್ದು ತೆಗೆದು, ಒಂದೊಂದರ ಪವರ್ ಅಳೆಸಿ, ಕೊನೆಗೆ ಯಾರಿಗಾದರೂ ಹೊಂದುವಂಥದ್ದು ಉಳಿದದ್ದು 20-25. ಎರಡು ಕಣ್ಣಿಗೂ ಬೇರೆ ಬೇರೆ ಪವರ್, ಅದರ ಮೇಲೆ ಸಿಲಿಂಡರ್ (ಕಣ್ಣಿನ ವಕ್ರತೆ ಸಮ ಇಲ್ಲದವರಿಗೆ ಕೊಡುವ ಪವರ್) ಇದ್ದರೆ ಅದರ ಕೋನ. ಒಬ್ಬರದ್ದು ಇನ್ನೊಬ್ಬರಿಗೆ ಸರಿಹೊಂದುವುದು ಎಲ್ಲಿ? ಅಳೆಸಲು ಹೋದ ಹಣದಲ್ಲಿ ಹತ್ತಿರ ಓದುವ ಹೊಸ ರೆಡಿ ಕನ್ನಡಕ ಅದರ ಎರಡರಷ್ಟು ಕೊಳ್ಳಬಹುದಿತ್ತು. ಮುಂದಿನ ಸಲ ಹಾಗೇ ಮಾಡಿದೆವು. ಕಣ್ಣು ಪರೀಕ್ಷೆ ಮಾಡಿಸಿ, ಪ್ಲಸ್ ಒಂದರಿಂದ ಮೂರರವರೆಗಿನದ್ದನ್ನು ಹಂಚಿದೆವು. ಪೆಟ್ಟಿಗೆ ಈಗ ನಮ್ಮ ಕಡತ ಇಡಲು ಬಳಕೆಯಲ್ಲಿದೆ.

ರಕ್ತದ ಲೆಕ್ಕಕ್ಕೆ ಬರುತ್ತೇನೆ. ಮೊದಲ ವರ್ಷ 110ರಷ್ಟು ಯುನಿಟ್. ಹಳೆಯ ಒಂದು ದಿನದ ಶಿಬಿರದ ಅರ್ಧ. ಆ ಜೂನ್‌ನಲ್ಲಿ ನನ್ನ ಮಾತು ಕೇಳುವವರೇ ಇರಲಿಲ್ಲ. ಎರಡನೇ ವರ್ಷ 200ರ ಹತ್ತಿರ ಹೋಯಿತು. ಮೂರನೇ ವರ್ಷ 285 ದಾಟಿತು. ಈಗ ಕರೆ ಮಾಡುವ ಸದಸ್ಯರು 18, ಪಟ್ಟಿಯಲ್ಲಿ ದಾನಿಗಳು ಸುಮಾರು 200. ತಿಂಗಳಿಗೆ 33 ಜನರನ್ನು ಕರೆದರೆ 27-28 ಜನ ಬರುತ್ತಾರೆ. ಅದರಲ್ಲಿ ಮೂವರೋ ನಾಲ್ವರೋ ವಾಪಸ್. ಖರ್ಚು ಹಳೆಯ ಶಿಬಿರದ ಮೂರನೇ ಒಂದು ಪಾಲಿಗಿಂತ ಕಡಿಮೆ. ಹೆಚ್ಚಿನದ್ದು ಕರೆತರುವ ಗಾಡಿಗೆ ಹೋಗುತ್ತದೆ. ಉಳಿದ ಹಣದಲ್ಲೇ ಕನ್ನಡಕದ ಕೆಲಸ ನಡೆದದ್ದು. ಬೇರೆ ಯಾರ ಮುಂದೆಯೂ ಕೈ ಚಾಚಲಿಲ್ಲ.

ಇದು ನಿಲ್ಲದೆ ನಡೆದದ್ದಕ್ಕೆ ಇನ್ನೊಂದು ಕಾರಣ ಇದೆ. ಜುಲೈ 1ಕ್ಕೆ ಅಧ್ಯಕ್ಷರು ಬದಲಾಗುತ್ತಾರೆ. ಹೊಸಬರಿಗೆ ತಮ್ಮದೇ ಪ್ರಾಜೆಕ್ಟ್ ಬೇಕು. ಎಷ್ಟು ಒಳ್ಳೆಯ ಕೆಲಸಗಳು ಪದಗ್ರಹಣದ ಮಾರನೇ ದಿನ ಸತ್ತಿವೆ ಅಂತ ನಿಮಗೂ ಗೊತ್ತು. ನಾನು ಮೂರು ವರ್ಷದ ಸಮಿತಿ ಬೇಕು ಅಂತ ನಿರ್ಣಯ ಮಾಡಿಸಿಕೊಂಡೆ. ಮುಂದಿನ ಅಧ್ಯಕ್ಷರು ಒಂದು ವರ್ಷ ಮುಂಚೆಯೇ ಅದರಲ್ಲಿ ಇರುತ್ತಾರೆ, ಅವರ ಹೆಸರಿಗೂ ಹತ್ತು ದಾನಿಗಳು ಇರುತ್ತಾರೆ. ಅವರನ್ನು ಒಪ್ಪಿಸುವ ದಾರಿ ಬೇರೆ ಇದೆ. ಅದು ಎದುರಿಗೆ ಸಿಕ್ಕಾಗ ಹೇಳುವಂಥದ್ದು.

ಕಳೆದ ತಿಂಗಳು ಡಾಕ್ಟರಮ್ಮ ಹೊಸದೊಂದು ಕೇಳಿದ್ದಾರೆ. ರಜೆಯ ದಿನಗಳಲ್ಲಿ ಪ್ಲೇಟ್‌ಲೆಟ್ ಸಿಗುವುದಿಲ್ಲವಂತೆ. ಯಂತ್ರದ ಮೂಲಕ ಬರೀ ಪ್ಲೇಟ್‌ಲೆಟ್ ಕೊಡಲು ಒಂದು ಗಂಟೆಗೂ ಹೆಚ್ಚು ಹೊತ್ತು ಮಲಗಿರಬೇಕು. ಅಷ್ಟು ಹೊತ್ತು ಕೊಡುವ ಹದಿನೈದು ಜನ ಬೇಕು. ಪುಸ್ತಕದಲ್ಲಿ ಹೊಸ ಪುಟ ತೆಗೆದಿದ್ದೇನೆ. ಏಳು ಹೆಸರು ಆಗಿದೆ. ನಾಲ್ಕು ಹೆಸರು ಆ ಮಾತಾಡದ ಹಿರಿಯರೇ ತಂದದ್ದು.